ಕಾಲಧರ್ಮವೆಂಬ ನೆಪ: ಪ್ರಾಚೀನ ಗ್ರೀಕ್ ಸಾಹಿತ್ಯ ಮತ್ತು ಸಮಾಜದಲ್ಲಿ ಸ್ತ್ರೀ

ಪ್ರಾಚೀನ ಗ್ರೀಸಿನ ಪ್ರಸ್ತಾಪ ಬಂದೊಡನೆ ಪಠ್ಯಪುಸ್ತಕಗಳಿಂದ ಹಿಡಿದು ಪಂಡಿತರ ಉಪನ್ಯಾಸಗಳವರೆಗೆ ಒಂದೇ ಬಗೆಯ ಸ್ತುತಿ ಕೇಳಿಬರುತ್ತದೆ. ಅದು ಪ್ರಜಾಪ್ರಭುತ್ವದ ತೊಟ್ಟಿಲು, ತತ್ತ್ವಶಾಸ್ತ್ರದ ತವರು, ರುದ್ರನಾಟಕದ ಜನ್ಮಭೂಮಿ. ಈ ಬಿರುದುಗಳು ಸುಳ್ಳಲ್ಲ. ಆದರೆ ತೊಟ್ಟಿಲು, ತವರು ಎಂಬ ಮಾತುಗಳನ್ನು ಯಾರ ಬದುಕಿನಿಂದ ಎರವಲು ತಂದು ಆ ನಾಡಿಗೆ ತೊಡಿಸಲಾಗಿದೆಯೋ ಆ ಹೆಣ್ಣಿಗೆ ಅಲ್ಲಿ ಯಾವ ಸ್ಥಾನವಿತ್ತೆಂಬ ಪ್ರಶ್ನೆ ಎದ್ದಾಗ ಸ್ತುತಿಕಾರರ ದನಿ ತಗ್ಗುತ್ತದೆ. ಆಗ ಎರಡು ಸಿದ್ಧ ಉತ್ತರಗಳು ಮುಂದೆ ಬರುತ್ತವೆ. ಅಥೀನಳಂತಹ ದೇವತೆಯನ್ನು ಪೂಜಿಸಿದ, ಆಂಟಿಗೊನೆಯಂತಹ ನಾಯಿಕೆಯನ್ನು ಸೃಷ್ಟಿಸಿದ ಜನ ಸ್ತ್ರೀಯನ್ನು ಹೀನವಾಗಿ ಕಂಡಿರಲಾರರು ಎಂಬುದು ಮೊದಲನೆಯದು. ಹಾಗೆ ಕಂಡಿದ್ದರೂ ಅದು ಅಂದಿನ ಕಾಲಧರ್ಮ, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂಬುದು ಎರಡನೆಯದು. ಮೊದಲನೆಯ ಉತ್ತರ ಸಾಹಿತ್ಯವನ್ನು ತಪ್ಪಾಗಿ ಓದುತ್ತದೆ. ಎರಡನೆಯದು ಇತಿಹಾಸವನ್ನು ಓದುವುದೇ ಇಲ್ಲ. ಇವೆರಡನ್ನೂ ಗ್ರೀಕರ ಗ್ರಂಥಗಳ ಮುಂದೆಯೇ ನಿಲ್ಲಿಸಿ ಪರೀಕ್ಷಿಸುವುದು ಉಚಿತ.

ಕ್ರಿ.ಪೂ. 700ರ ಸುಮಾರಿನಲ್ಲಿದ್ದ ಹೆಸಿಯಡ್ ಕವಿಯಿಂದ ಆರಂಭಿಸಬಹುದು. ಪ್ರೊಮಿಥಿಯಸನು ದೇವಲೋಕದ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟನೆಂದು ಕೆರಳಿದ ಜೀಯಸ್ ದೇವನು ಅದಕ್ಕೆ ಪ್ರತೀಕಾರವಾಗಿ ಹೆಣ್ಣನ್ನು ಮಾಡಿಸಿ ಭೂಮಿಗೆ ಕಳುಹಿಸಿದನೆಂಬುದು ಈ ಕವಿಯ ಎರಡು ಕೃತಿಗಳಲ್ಲಿಯೂ ಬರುವ ಕಥೆ. ದೇವಶಿಲ್ಪಿ ಹೆಫೀಸ್ಟಸ್ ಮಣ್ಣಿನಿಂದ ಅವಳನ್ನು ರೂಪಿಸಿದ. ಉಳಿದ ದೇವತೆಗಳು ಚೆಲುವನ್ನೂ ವಂಚನೆಯನ್ನೂ ಅವಳಲ್ಲಿ ತುಂಬಿದರು. ಪಂಡೋರ ಎಂಬ ಆಕೆ ಭರಣಿಯ ಮುಚ್ಚಳ ತೆರೆದಾಗ ರೋಗ, ದುಡಿಮೆ, ದುಃಖಗಳು ಲೋಕವನ್ನೆಲ್ಲ ತುಂಬಿದವು, ಆಸೆಯೊಂದು ಒಳಗುಳಿಯಿತು. ಆ ಭರಣಿಯನ್ನು ಪೆಟ್ಟಿಗೆಯಾಗಿಸಿದ್ದು ಹದಿನಾರನೆಯ ಶತಮಾನದ ವಿದ್ವಾಂಸ ಎರಾಸ್ಮಸನ ಲ್ಯಾಟಿನ್ ಅನುವಾದ. ಪೆಟ್ಟಿಗೆಯೋ ಭರಣಿಯೋ ಎಂಬುದರ ಮೇಲೆ ಪಾಂಡಿತ್ಯ ವ್ಯಯವಾದಷ್ಟು ಕಥೆಯ ಹೂರಣದ ಮೇಲೆ ಆಗಲಿಲ್ಲ. ಈ ಕಥೆಯಲ್ಲಿ ಗಂಡಸು ಮೊದಲೇ ಇದ್ದಾನೆ, ಸುಖವಾಗಿದ್ದಾನೆ. ಹೆಣ್ಣು ಆಮೇಲೆ ಬಂದ ಶಿಕ್ಷೆ. ಮನುಷ್ಯಕುಲದ ಅರ್ಧಭಾಗವನ್ನು ಉಳಿದರ್ಧದ ಮೇಲೆ ವಿಧಿಸಿದ ದಂಡವೆಂದು ವರ್ಣಿಸುವ ಸೃಷ್ಟಿಕಥೆ ಇದು.

ಇದೇ ಕವಿ ಹೆಂಗಸರನ್ನು ಜೇನುಗೂಡಿನ ಸೋಮಾರಿ ನೊಣಗಳಿಗೆ ಹೋಲಿಸುತ್ತಾನೆ. ದುಡಿಯುವ ಜೇನ್ನೊಣಗಳು ಹಗಲೆಲ್ಲ ಹೊರಗೆ ಅಲೆದು ಜೇನು ಕೂಡಿಸುತ್ತವೆ. ಸೋಮಾರಿ ನೊಣಗಳು ಗೂಡಿನಲ್ಲಿಯೇ ಕುಳಿತು ಪರರ ಶ್ರಮವನ್ನು ತಿನ್ನುತ್ತವೆ. ಹೆಂಗಸರೂ ಹಾಗೆಯೇ ಎಂಬುದು ಅವನ ವಾದ. ನಿಸರ್ಗದಲ್ಲಿ ಆ ಸೋಮಾರಿ ನೊಣಗಳೇ ಗಂಡು, ದುಡಿಯುವ ನೊಣಗಳೆಲ್ಲ ಹೆಣ್ಣು. ಇದು ಹೆಸಿಯಡನಿಗೆ ತಿಳಿಯದಿದ್ದುದು ದೋಷವಲ್ಲ. ಜೇನಿನ ಲಿಂಗಭೇದ ಅಂದು ಯಾರಿಗೂ ತಿಳಿದಿರಲಿಲ್ಲ. ಆದರೆ ಅವನ ಮೈಮೇಲಿನ ಬಟ್ಟೆಯ ಉಣ್ಣೆಯನ್ನು ನೂತವರು ಯಾರು, ನೇಯ್ದವರು ಯಾರು, ಅವನ ರೊಟ್ಟಿಯ ಹಿಟ್ಟನ್ನು ಬೀಸಿದವರು ಯಾರು ಎಂಬುದನ್ನು ಕಾಣಲು ಯಾವ ವಿಜ್ಞಾನವೂ ಬೇಕಿರಲಿಲ್ಲ. ಮನೆಯೊಳಗಿನ ದುಡಿಮೆಯನ್ನು ದುಡಿಮೆಯೆಂದೇ ಎಣಿಸದ ಲೆಕ್ಕಾಚಾರದ ಮೊದಲ ಕಾವ್ಯರೂಪ ಇಲ್ಲಿದೆ.

ಹೆಸಿಯಡನ ಬಳಿಕ ಅಮೊರ್ಗಸ್ ದ್ವೀಪದ ಸೆಮೊನಿಡೀಸ್ ಬರುತ್ತಾನೆ. ಕ್ರಿ.ಪೂ. ಏಳನೆಯ ಶತಮಾನದ ಈ ಕವಿಯ ಉಳಿದಿರುವ ದೀರ್ಘ ರಚನೆ 118 ಸಾಲುಗಳದು. ಅದರ ಒಟ್ಟು ವಸ್ತು ಸ್ತ್ರೀನಿಂದೆ. ಹಂದಿ, ನರಿ, ನಾಯಿ, ಕತ್ತೆ, ಕುದುರೆ, ಮಂಗ ಮುಂತಾದ ಪ್ರಾಣಿಗಳಿಂದಲೂ ಮಣ್ಣು ಮತ್ತು ಕಡಲಿನಿಂದಲೂ ಹುಟ್ಟಿದ ಹತ್ತು ಬಗೆಯ ಹೆಂಗಸರನ್ನು ಅವನು ಪಟ್ಟಿ ಮಾಡುತ್ತಾನೆ. ಹತ್ತರಲ್ಲಿ ಒಳ್ಳೆಯವಳು ಒಬ್ಬಳೇ, ಜೇನ್ನೊಣದಿಂದ ಹುಟ್ಟಿದವಳು. ಅವಳ ಹೆಚ್ಚುಗಾರಿಕೆಯಾದರೂ ಏನು? ಗಂಡನ ಆಸ್ತಿ ಬೆಳೆಯುವಂತೆ ನೋಡಿಕೊಳ್ಳುವುದು, ಮಕ್ಕಳನ್ನು ಹೆರುವುದು, ಇತರ ಹೆಂಗಸರೊಡನೆ ಕುಳಿತು ಹರಟದಿರುವುದು. ಇದು ಹಾಸ್ಯಕಾವ್ಯ, ಇದನ್ನು ಗಂಭೀರವಾಗಿ ತೆಗೆದುಕೊಳ್ಳಬಾರದು ಎಂದು ಹೇಳುವವರಿದ್ದಾರೆ. ಹಾಸ್ಯ ಫಲಿಸಬೇಕಾದರೆ ಕೇಳುವವರು ಆ ಮಾತನ್ನು ಮೊದಲೇ ಒಪ್ಪಿರಬೇಕು. ಪಾನಗೋಷ್ಠಿಯಲ್ಲಿ ನೆರೆದ ಗಂಡಸರು ನಕ್ಕರೆಂಬುದು ಕವಿಯ ಮುಗ್ಧತೆಗೆ ಸಾಕ್ಷಿಯಾಗದು. ಗೋಷ್ಠಿಯ ಒಮ್ಮತಕ್ಕೆ ಸಾಕ್ಷಿಯಾಗುತ್ತದೆ.

ಹೋಮರನ ಮಹಾಕಾವ್ಯಗಳು ಇವಕ್ಕಿಂತ ಉದಾರವಾದವು. ಅಂಡ್ರೊಮಕೆಯ ಕಣ್ಣೀರನ್ನೂ ಪೆನೆಲೊಪೆಯ ಜಾಣ್ಮೆಯನ್ನೂ ಕಂಡ ಕವಿಯನ್ನು ಸ್ತ್ರೀದ್ವೇಷಿಯೆನ್ನುವುದು ಅನ್ಯಾಯ. ಆದರೂ ಅಲ್ಲೊಂದು ಗಮನಾರ್ಹ ಸಂಗತಿಯಿದೆ. ಇಲಿಯಡ್ ಕಾವ್ಯದಲ್ಲಿ ಯುದ್ಧತಂತ್ರದ ಮಾತೆತ್ತಿದ ಹೆಂಡತಿಗೆ ಹೆಕ್ಟರನು ಒಳಗೆ ಹೋಗಿ ಮಗ್ಗ ಕದಿರುಗಳನ್ನು ನೋಡಿಕೊಳ್ಳಲು ಹೇಳಿ, ಯುದ್ಧ ಗಂಡಸರ ವಿಷಯವೆನ್ನುತ್ತಾನೆ. ಒಡಿಸ್ಸಿಯಲ್ಲಿ ಮೀಸೆ ಮೂಡುತ್ತಿರುವ ತೆಲೆಮಾಕಸನು ಹೆತ್ತ ತಾಯಿಗೆ ಅದೇ ಪದಪುಂಜದಲ್ಲಿ ಒಳಗೆ ಹೋಗೆಂದು ಹೇಳಿ, ಮಾತು ಗಂಡಸರ ವಿಷಯವೆನ್ನುತ್ತಾನೆ. ಕಾವ್ಯದ ಕೊನೆಯ ಭಾಗದಲ್ಲಿ ಅವನೇ ಮತ್ತೊಮ್ಮೆ ಅದನ್ನೇ ಹೇಳುತ್ತಾನೆ. ಈ ಬಾರಿ ಗಂಡಸರ ವಿಷಯವಾಗುವುದು ಬಿಲ್ಲು. ಸೂತ್ರ ಒಂದೇ, ಬದಲಾಗುವ ಪದ ಒಂದೇ. ಯುದ್ಧ, ಮಾತು, ಬಿಲ್ಲು ಎಂಬ ಮೂರೂ ಒಂದೇ ಅಚ್ಚಿನಲ್ಲಿ ಕೂರುತ್ತವೆಂದರೆ ಅಚ್ಚು ಆಗಲೇ ಗಟ್ಟಿಯಾಗಿತ್ತೆಂದು ಅರ್ಥ.

ಕಾವ್ಯದಲ್ಲಿ ಅಚ್ಚಾಗಿದ್ದುದು ಅಥೆನ್ಸ್ ನಗರದಲ್ಲಿ ಕಾನೂನಾಯಿತು. ಅಥೆನ್ಸಿನ ಸ್ತ್ರೀ ಆಜೀವಪರ್ಯಂತ ಒಬ್ಬ ಪುರುಷನ ಅಧೀನದಲ್ಲಿರಬೇಕಾಗಿತ್ತು. ಅವನನ್ನು ಕ್ಯೂರಿಯೋಸ್, ಎಂದರೆ ಒಡೆಯ, ಎಂದು ಕರೆಯುತ್ತಿದ್ದರು. ಮೊದಲು ತಂದೆ, ಬಳಿಕ ಗಂಡ, ಅವನಿಲ್ಲವಾದರೆ ಮಗ ಅಥವಾ ಹತ್ತಿರದ ಬಂಧು ಈ ಸ್ಥಾನದಲ್ಲಿರುತ್ತಿದ್ದ. ಜನಸಭೆಯಲ್ಲಿ ಅವಳಿಗೆ ಮತವಿಲ್ಲ, ನ್ಯಾಯಾಲಯದಲ್ಲಿ ಸ್ವತಃ ವಾದಿಸುವ ಹಕ್ಕಿಲ್ಲ. ಒಂದು ಮೆಡಿಮ್ನೋಸ್ ಬಾರ್ಲಿಯ, ಎಂದರೆ ಸುಮಾರು 50 ಲೀಟರ್ ಧಾನ್ಯದ, ಬೆಲೆಗಿಂತ ಹೆಚ್ಚಿನ ವ್ಯವಹಾರವನ್ನು ಅವಳು ತಾನಾಗಿ ಮಾಡುವಂತಿರಲಿಲ್ಲ. ಗಂಡುಮಕ್ಕಳಿಲ್ಲದೆ ತಂದೆ ಸತ್ತರೆ ಮಗಳು ಆಸ್ತಿಗೆ ಒಡತಿಯಾಗುತ್ತಿರಲಿಲ್ಲ. ಆಸ್ತಿಯ ಜೊತೆಗೆ ಸಾಗುವವಳಾಗುತ್ತಿದ್ದಳು. ಅವಳನ್ನು ಎಪಿಕ್ಲೆರೋಸ್ ಎನ್ನುತ್ತಿದ್ದರು. ಆ ಪದದ ಅರ್ಥವೂ ಅದೇ. ತಂದೆಯ ಕಡೆಯ ಅತ್ಯಂತ ಸಮೀಪದ ಪುರುಷಬಂಧುವಿಗೆ, ಹೆಚ್ಚಾಗಿ ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಅಥವಾ ಅವರ ಮಕ್ಕಳಿಗೆ, ಅವಳನ್ನು ಮದುವೆಯಾಗುವ ಹಕ್ಕಿತ್ತು. ಅವಳಿಗೆ ಮೊದಲೇ ಮದುವೆಯಾಗಿದ್ದರೆ ಆ ಮದುವೆಯನ್ನು ಮುರಿಯುವುದೂ ಸಾಧ್ಯವಿತ್ತು. ಆಸ್ತಿ ಕುಲದ ಹೊರಗೆ ಹೋಗಬಾರದೆಂಬುದೇ ಇದರ ಉದ್ದೇಶ. ಹೆಣ್ಣು ಅದನ್ನು ಹೊತ್ತು ದಾಟಿಸುವ ದೋಣಿ.

ಈ ಕಾನೂನಿನಲ್ಲಿ ಅವಳಿಗೆ ರಕ್ಷಣೆಯೇ ಇರಲಿಲ್ಲವೆನ್ನಲಾಗದು. ಮದುವೆ ಮುರಿದರೆ ಗಂಡನು ವರದಕ್ಷಿಣೆಯನ್ನು ಹಿಂದಿರುಗಿಸಬೇಕಿತ್ತು. ಹಿಂದಿರುಗಿಸದಿದ್ದರೆ ವರ್ಷಕ್ಕೆ ಶೇ. 18ರ ಬಡ್ಡಿ ತೆರಬೇಕಿತ್ತು. ಆದರೆ ಆ ಹಣ ಸೇರುತ್ತಿದ್ದುದು ಅವಳ ಕೈಗಲ್ಲ, ಅವಳ ಹೊಸ ಒಡೆಯನ ಕೈಗೆ. ರಕ್ಷಣೆಯಿದ್ದುದು ಹಣಕ್ಕೆ, ಆ ರಕ್ಷಣೆಯ ನೆರಳಿನಲ್ಲಿ ಅವಳಿಗೂ ಅಷ್ಟಿಷ್ಟು ಆಸರೆ ಸಿಗುತ್ತಿತ್ತು.

ಇಂಥ ಮನೆಯೊಳಗಿನ ಬದುಕು ಹೇಗಿತ್ತೆಂಬುದನ್ನು ಕ್ಸೆನೊಫನ್ ತನ್ನ ಗೃಹನಿರ್ವಹಣೆಯ ಗ್ರಂಥದಲ್ಲಿ ತೋರಿಸಿದ್ದಾನೆ. ಇಸ್ಕೊಮಾಕಸ್ ಎಂಬ ಶ್ರೀಮಂತ ಗೃಹಸ್ಥನು ತನ್ನ ಹೆಂಡತಿಯನ್ನು ಹೇಗೆ ತರಬೇತುಗೊಳಿಸಿದೆನೆಂದು ಸಾಕ್ರಟೀಸನಿಗೆ ಹೆಮ್ಮೆಯಿಂದ ವಿವರಿಸುತ್ತಾನೆ. ಮದುವೆಯಾಗಿ ಬಂದಾಗ ಅವಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಆದಷ್ಟು ಕಡಿಮೆ ನೋಡುವಂತೆ, ಕಡಿಮೆ ಕೇಳುವಂತೆ, ಕಡಿಮೆ ಪ್ರಶ್ನಿಸುವಂತೆ ಅವಳನ್ನು ತವರಿನಲ್ಲಿ ಬೆಳೆಸಿದ್ದರು. ಗಂಡನು ಅವಳಿಗೆ ಉಗ್ರಾಣದ ವ್ಯವಸ್ಥೆಯನ್ನೂ ಪಾತ್ರೆಗಳನ್ನು ಜೋಡಿಸುವ ಕ್ರಮವನ್ನೂ ಕಲಿಸುತ್ತಾನೆ. ಜೇನುಗೂಡಿನ ರಾಣಿಯಂತೆ ಒಳಗಿದ್ದು ಆಳಬೇಕೆನ್ನುತ್ತಾನೆ. ಪುಟಗಟ್ಟಲೆ ಸಾಗುವ ಈ ವರ್ಣನೆಯಲ್ಲಿ ಆ ಹುಡುಗಿಯ ಹೆಸರು ಒಮ್ಮೆಯೂ ಬರುವುದಿಲ್ಲ. ಇದು ಲೇಖಕನ ಮರೆವಲ್ಲ, ಮರ್ಯಾದೆಯ ನಿಯಮ. ಅಥೆನ್ಸಿನ ವಾಗ್ಮಿಗಳು ನ್ಯಾಯಾಲಯದಲ್ಲಿ ಬದುಕಿರುವ ಗೌರವಸ್ಥ ಸ್ತ್ರೀಯ ಹೆಸರೆತ್ತುವುದನ್ನು ಆದಷ್ಟು ತಪ್ಪಿಸುತ್ತಿದ್ದರು. ಇಂಥವನ ಮಗಳು, ಇಂಥವನ ಹೆಂಡತಿ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದುದು ಸತ್ತವರನ್ನು, ಗಣಿಕೆಯರನ್ನು, ಎದುರಾಳಿಯ ಮನೆಯ ಹೆಂಗಸರನ್ನು. ಸಭೆಯಲ್ಲಿ ಹೆಸರು ಕೇಳಿಬರುವುದೇ ಹೆಣ್ಣಿಗೆ ಕಳಂಕವಾದ ಊರಿನಲ್ಲಿ ಅವಳ ಚರಿತ್ರೆ ಉಳಿಯುವುದಾದರೂ ಹೇಗೆ?

ಹೊಟ್ಟೆಪಾಡಿಗೆ ದುಡಿಯುವ ಹೆಂಗಸಿಗೆ ಈ ಮರೆಯೂ ಇರಲಿಲ್ಲ. ಬಡವರ ಹೆಂಡತಿಯರು ಮನೆಯಿಂದ ಹೊರಬರುವುದನ್ನು ತಡೆಯುವುದು ಹೇಗೆ ಸಾಧ್ಯವೆಂದು ಅರಿಸ್ಟಾಟಲನೇ ಕೇಳಿದ್ದಾನೆ. ಡೆಮೊಸ್ತನೀಸ್ ಬರೆದ ಒಂದು ಭಾಷಣದಲ್ಲಿ ಯೂಕ್ಸಿಥಿಯಸ್ ಎಂಬವನು ಕಳೆದುಹೋದ ತನ್ನ ಪೌರತ್ವಕ್ಕಾಗಿ ಹೋರಾಡುತ್ತಾನೆ. ಅವನ ವಿರುದ್ಧ ಎದುರಾಳಿಗಳು ಎತ್ತಿದ ಆಕ್ಷೇಪಗಳಲ್ಲಿ ಒಂದು, ಅವನ ತಾಯಿ ಸಂತೆಯಲ್ಲಿ ಪಟ್ಟಿದಾರ ಮಾರುತ್ತಿದ್ದಳು, ಪರರ ಮಕ್ಕಳಿಗೆ ಹಾಲೂಡುತ್ತಿದ್ದಳು ಎಂಬುದು. ತಾಯಿ ದುಡಿದಳೆಂಬುದೇ ಮಗನ ಕುಲದ ಮೇಲೆ ಸಂಶಯಕ್ಕೆ ಕಾರಣವಾಯಿತು. ಒಳಗಿದ್ದವಳಿಗೆ ಹೆಸರಿಲ್ಲ, ಹೊರಬಂದವಳಿಗೆ ಮಾನವಿಲ್ಲ.

ಪ್ರಜಾಪ್ರಭುತ್ವದ ಪರಮಪುರುಷನೆನಿಸಿದ ಪೆರಿಕ್ಲೀಸನ ನಿಲುವನ್ನೂ ಇಲ್ಲಿ ನೋಡಬೇಕು. ಪೆಲೊಪೊನೀಸಿಯನ್ ಯುದ್ಧದ ಮೊದಲ ವರ್ಷ ಮಡಿದ ಯೋಧರ ಶವಸಂಸ್ಕಾರದ ಸಂದರ್ಭದಲ್ಲಿ ಅವನು ಮಾಡಿದ ಭಾಷಣವನ್ನು ಥುಸಿಡಿಡೀಸ್ ದಾಖಲಿಸಿದ್ದಾನೆ. ಅಥೆನ್ಸಿನ ಸ್ವಾತಂತ್ರ್ಯ, ಸಮಾನತೆ, ಮುಕ್ತ ಬದುಕುಗಳ ಗುಣಗಾನ ಮುಗಿದ ಮೇಲೆ ವಿಧವೆಯರ ಕಡೆಗೆ ತಿರುಗಿ ಅವನು ಹೇಳುವ ಮಾತು ಬಹಳ ಚಿಕ್ಕದು. ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ಗಂಡಸರ ಬಾಯಲ್ಲಿ ಅತ್ಯಂತ ಕಡಿಮೆ ಕಾಣಿಸಿಕೊಳ್ಳುವುದೇ ಹೆಣ್ಣಿನ ಕೀರ್ತಿಯೆಂಬುದು ಅದರ ಸಾರ. ಹೀಗೆ ಹೇಳಿದವನ ಮನೆಯಲ್ಲಿದ್ದ ಮಿಲೀಟಸಿನ ಆಸ್ಪೇಸಿಯ, ಅಥೆನ್ಸಿನ ಗಂಡಸರ ಬಾಯಲ್ಲಿ ಅತ್ಯಂತ ಹೆಚ್ಚು ಕಾಣಿಸಿಕೊಂಡ ಹೆಣ್ಣು. ತಂದೆತಾಯಿಗಳಿಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವವೆಂಬ ಕ್ರಿ.ಪೂ. 451ರ ಕಾನೂನು ಪೆರಿಕ್ಲೀಸನದೇ. ಮಹಾಮಾರಿಯಲ್ಲಿ ಅವನ ಇಬ್ಬರು ಔರಸಪುತ್ರರು ಸತ್ತಾಗ ಆಸ್ಪೇಸಿಯಳ ಮಗನಿಗೆ ಪೌರತ್ವ ಕೊಡಿಸಲು ಅವನೇ ಜನರ ಮುಂದೆ ವಿನಾಯಿತಿ ಬೇಡಿದ, ಪಡೆದ. ಕಾನೂನು ಮಾಡಿದವನಿಗೆ ಕಾನೂನಿನಿಂದ ಬಿಡುಗಡೆ ದೊರೆಯಿತು. ಅದರಡಿಯಲ್ಲಿದ್ದ ಉಳಿದ ಪರದೇಶದ ತಾಯಂದಿರಿಗೆ ದೊರೆಯಲಿಲ್ಲ.

ತಾಯ್ತನದ ಗೌರವವಾದರೂ ಉಳಿದಿತ್ತೇ? ಕ್ರಿ.ಪೂ. 458ರಲ್ಲಿ ಪ್ರದರ್ಶಿತವಾದ ಈಸ್ಕಿಲಸನ ಒರೆಸ್ಟಿಯ ನಾಟಕತ್ರಯದಲ್ಲಿ ಇದಕ್ಕೆ ಉತ್ತರವಿದೆ. ಅಗಮೆಮ್ನನ್ ತನ್ನ ಮಗಳು ಇಫಿಜೀನಿಯಳನ್ನು ಯುದ್ಧಯಾತ್ರೆಯ ಗಾಳಿಗಾಗಿ ಬಲಿಕೊಟ್ಟ. ಹೆಂಡತಿ ಕ್ಲೈಟೆಮ್ನೆಸ್ಟ್ರ ಅವನನ್ನು ಕೊಂದಳು. ಮಗ ಒರೆಸ್ಟೀಸ್ ತಾಯಿಯನ್ನು ಕೊಂದ. ಕೊನೆಯ ನಾಟಕದಲ್ಲಿ ಅವನ ವಿಚಾರಣೆ ಅಥೆನ್ಸಿನಲ್ಲಿ ನಡೆಯುತ್ತದೆ. ಅವನ ಪರವಾಗಿ ಅಪೊಲೊ ದೇವನು ಮುಂದಿಡುವ ವಾದ ಬೆರಗು ಹುಟ್ಟಿಸುವಂಥದು: ತಾಯಿ ಮಗುವಿನ ಜನ್ಮದಾತೆಯೇ ಅಲ್ಲ, ತಂದೆ ಬಿತ್ತಿದ ಬೀಜವನ್ನು ಕಾಯುವ ದಾದಿ ಮಾತ್ರ. ಇದಕ್ಕೆ ಅವನು ಕೊಡುವ ಪುರಾವೆ ತಾಯಿಯಿಲ್ಲದೆ ಜೀಯಸನ ತಲೆಯಿಂದ ಹುಟ್ಟಿದ ಅಥೀನ. ಅವಳೂ ಎಲ್ಲದರಲ್ಲಿ ತಾನು ಗಂಡಿನ ಪಕ್ಷವೆಂದು ಸಾರಿ ಒರೆಸ್ಟೀಸನ ಪರವಾಗಿ ಮತ ಹಾಕುತ್ತಾಳೆ. ಮತಗಳು ಸಮವಾಗುತ್ತವೆ, ಕೊಲೆಗಾರ ಬಿಡುಗಡೆ ಹೊಂದುತ್ತಾನೆ. ದೇವಿಯನ್ನು ಪೂಜಿಸಿದವರು ಸ್ತ್ರೀಯನ್ನು ಗೌರವಿಸಿರಲೇಬೇಕೆನ್ನುವವರು ಈ ದೃಶ್ಯವನ್ನು ಓದಬೇಕು. ನಗರಕ್ಕೆ ಹೆಸರು ಕೊಟ್ಟ ದೇವಿಯೇ ಇಲ್ಲಿ ತಾಯ್ತನದ ವಿರುದ್ಧದ ಸಾಕ್ಷಿ. ಹೆಣ್ಣಿನ ಬಸಿರಿನಿಂದ ಹುಟ್ಟದ, ತಾನೂ ಬಸಿರಾಗದ, ಆಯುಧ ಹಿಡಿದ ದೇವಿಯನ್ನು ಪೂಜಿಸುವುದಕ್ಕೂ ಮನೆಯೊಳಗಿನ ಹೆಣ್ಣನ್ನು ಗೌರವಿಸುವುದಕ್ಕೂ ಸಂಬಂಧವಿಲ್ಲ.

ರಂಗದ ಮೇಲೆ ಅಪೊಲೊ ಆಡಿದ ಮಾತಿಗೆ ಮುಂದಿನ ಶತಮಾನದಲ್ಲಿ ಅರಿಸ್ಟಾಟಲ್ ಶಾಸ್ತ್ರದ ಮುದ್ರೆ ಒತ್ತಿದ. ಸಂತಾನಕ್ಕೆ ಪುರುಷನು ರೂಪವನ್ನೂ ಚೈತನ್ಯವನ್ನೂ ಕೊಡುತ್ತಾನೆ, ಸ್ತ್ರೀಯದು ಜಡದ್ರವ್ಯ ಮಾತ್ರ ಎಂಬುದು ಅವನ ಸಿದ್ಧಾಂತ. ಹೆಣ್ಣೆಂದರೆ ಒಂದರ್ಥದಲ್ಲಿ ಅಂಗವಿಕಲ ಗಂಡು. ರಾಜನೀತಿಯ ಗ್ರಂಥದಲ್ಲಿ ಅವನು ಪುರುಷನನ್ನು ಸ್ವಭಾವತಃ ಆಳುವವನೆಂದೂ ಸ್ತ್ರೀಯನ್ನು ಆಳಿಸಿಕೊಳ್ಳುವವಳೆಂದೂ ಹೇಳುತ್ತಾನೆ. ಅವಳಿಗೆ ವಿವೇಚನೆಯಿದೆ, ಆದರೆ ಅದಕ್ಕೆ ಅಧಿಕಾರವಿಲ್ಲವೆನ್ನುತ್ತಾನೆ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಹಲ್ಲುಗಳಿವೆಯೆಂದು ಬರೆದವನೂ ಅವನೇ. ಎರಡು ಬಾರಿ ಮದುವೆಯಾಗಿದ್ದರೂ ಹೆಂಡತಿಯ ಬಾಯಿ ನೋಡಿ ಎಣಿಸಬೇಕೆಂದು ಅವನಿಗೆ ತೋಚಲಿಲ್ಲವೆಂದು ಬರ್ಟ್ರಂಡ್ ರಸೆಲ್ ಗೇಲಿ ಮಾಡಿದ್ದು ಪ್ರಸಿದ್ಧ. ಕಡಲಜೀವಿಗಳನ್ನು ಸೀಳಿ ನೋಡಿ ವಿವರಿಸಿದ ಮಹಾನಿರೀಕ್ಷಕನಿವನು. ಅಂಥವನ ಕಣ್ಣು ಸ್ವಂತ ಮನೆಯಲ್ಲಿ ಮುಚ್ಚಿಕೊಂಡಿತೆಂದರೆ ಅದನ್ನು ಮುಚ್ಚಿಸಿದ್ದು ಅಜ್ಞಾನವಲ್ಲ, ಮೊದಲೇ ತೀರ್ಮಾನವಾಗಿದ್ದ ನಂಬಿಕೆ.

ಸಾಹಿತ್ಯವನ್ನು ಅವನು ಬಳಸಿದ ರೀತಿ ಇನ್ನೂ ವಿಚಾರಾರ್ಹ. ಮೌನವೇ ಹೆಣ್ಣಿಗೆ ಭೂಷಣವೆಂಬ ಅರ್ಥದ ಒಂದು ಸಾಲನ್ನು ಕವಿವಾಕ್ಯವೆಂದು ಉದ್ಧರಿಸಿ ಅವನು ತನ್ನ ರಾಜನೀತಿಗೆ ಆಧಾರವಾಗಿಸಿಕೊಳ್ಳುತ್ತಾನೆ. ಆ ಸಾಲು ಸೊಫೊಕ್ಲಿಸನ ಏಜಾಕ್ಸ್ ನಾಟಕದ್ದು. ಬಿ.ಎಂ. ಶ್ರೀಕಂಠಯ್ಯನವರು ಈ ನಾಟಕವನ್ನೇ ಮಹಾಭಾರತದ ಆವರಣಕ್ಕೆ ತಂದು 'ಅಶ್ವತ್ಥಾಮನ್' ರಚಿಸಿದುದರಿಂದ ಕನ್ನಡ ಓದುಗರಿಗೆ ಅದರ ಕಥಾಸರಣಿ ಅಪರಿಚಿತವಲ್ಲ. ಅಲ್ಲಿ ಆ ಸಾಲು ಬರುವ ಸಂದರ್ಭವೇನು? ಅಪಮಾನದಿಂದ ಕುದಿಯುತ್ತಿರುವ ಏಜಾಕ್ಸ್ ನಡುರಾತ್ರಿಯಲ್ಲಿ ಕತ್ತಿ ಹಿಡಿದು ಹೊರಡುತ್ತಾನೆ. ಯಾರೂ ಕರೆಯದಿರುವಾಗ, ಕಹಳೆ ಮೊಳಗದಿರುವಾಗ ಎಲ್ಲಿಗೆ ಹೊರಟೆಯೆಂದು ತೆಕ್ಮೆಸ್ಸ ಕೇಳುತ್ತಾಳೆ. ಅವಳು ಯುದ್ಧದಲ್ಲಿ ಸೆರೆಯಾಗಿ ಬಂದು ಅವನ ಮಗನಿಗೆ ತಾಯಿಯಾದವಳು. ಅವನು ಆ ಹಳೆಯ ಗಾದೆಮಾತಿನಿಂದ ಅವಳ ಬಾಯಿ ಮುಚ್ಚಿಸುತ್ತಾನೆ. ಹೊರಗೆ ಹೋಗಿ, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕತ್ತರಿಸುತ್ತಾನೆ. ಎಚ್ಚೆತ್ತ ಮೇಲೆ ನಾಚಿಕೆಯಿಂದ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಅವಳ ಪ್ರಶ್ನೆ ಸರಿಯಾಗಿತ್ತು. ಅವನ ಗಾದೆ ಹುಚ್ಚಿನ ಹೊಸ್ತಿಲಲ್ಲಿ ನಿಂತವನ ಗಾದೆ. ಸೊಫೊಕ್ಲಿಸ್ ಇದನ್ನು ಬಲ್ಲವನಾದ್ದರಿಂದಲೇ ಅಲ್ಲಿ ಇರಿಸಿದ್ದಾನೆ. ದಾರ್ಶನಿಕನು ಸಂದರ್ಭವನ್ನು ಕಿತ್ತೆಸೆದು ಸಾಲನ್ನು ಮಾತ್ರ ಎತ್ತಿಕೊಂಡ. ಮುಂದಿನ ಎರಡು ಸಾವಿರ ವರ್ಷ ವಿದ್ಯಾಪೀಠಗಳಲ್ಲಿ ಪಾಠವಾದದ್ದು ತೆಕ್ಮೆಸ್ಸಳ ಪ್ರಶ್ನೆಯಲ್ಲ, ಏಜಾಕ್ಸನ ಉತ್ತರ.

ಇನ್ನು ಕಾಲಧರ್ಮದ ವಾದ. ಒಂದು ಕಾಲದ ಜನರೆಲ್ಲ ಬೇರೊಂದನ್ನು ಕಾಣದೆ, ಕೇಳದೆ, ಕಲ್ಪಿಸಿಕೊಳ್ಳದೆ ಒಂದೇ ರೀತಿ ನಡೆದಿದ್ದರೆ ಮಾತ್ರ ಈ ವಾದ ನಿಲ್ಲುತ್ತದೆ. ಗ್ರೀಸಿನಲ್ಲಿ ಹಾಗಿರಲಿಲ್ಲ. ಕ್ರೀಟ್ ದ್ವೀಪದ ಗಾರ್ಟಿನ್ ನಗರದಲ್ಲಿ ಗೋಡೆಯ ಮೇಲೆ ಕೊರೆದ ಕ್ರಿ.ಪೂ. ಐದನೆಯ ಶತಮಾನದ ಕಾನೂನು ಶಾಸನ ಇಂದಿಗೂ ಉಳಿದಿದೆ. ಅದರಂತೆ ಮಗಳಿಗೆ ಮಗನ ಪಾಲಿನ ಅರ್ಧದಷ್ಟು ಪಿತ್ರಾರ್ಜಿತ ಸಲ್ಲುತ್ತದೆ. ವಿವಾಹ ಮುರಿದರೆ ಹೆಂಡತಿ ತಾನು ತಂದ ಆಸ್ತಿಯನ್ನೂ, ಅದರಿಂದ ಬಂದ ಉತ್ಪನ್ನದ ಅರ್ಧವನ್ನೂ, ತಾನು ನೇಯ್ದ ಬಟ್ಟೆಯ ಅರ್ಧವನ್ನೂ ಒಯ್ಯುತ್ತಾಳೆ. ಸ್ಪಾರ್ಟದಲ್ಲಿ ಹುಡುಗಿಯರಿಗೆ ಓಟ, ಕುಸ್ತಿಗಳ ತರಬೇತಿಯಿತ್ತು; ಭೂಮಿಯಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರ ಒಡೆತನದಲ್ಲಿತ್ತೆಂದು ಅರಿಸ್ಟಾಟಲನೇ ಹೇಳುತ್ತಾನೆ. ಸ್ಪಾರ್ಟದ ರಾಜಕುಮಾರಿ ಸಿನಿಸ್ಕಳ ರಥ ಕ್ರಿ.ಪೂ. 396 ಮತ್ತು 392ರ ಒಲಿಂಪಿಕ್ ಪಂದ್ಯಗಳಲ್ಲಿ ಗೆದ್ದಿತು; ಆ ಕಿರೀಟ ಗೆದ್ದ ಏಕೈಕ ಸ್ತ್ರೀ ತಾನೆಂದು ಅವಳು ಒಲಿಂಪಿಯದಲ್ಲಿ ಶಿಲಾಲೇಖ ಬರೆಯಿಸಿದಳು. ಸ್ಪಾರ್ಟ ಸ್ವರ್ಗವಾಗಿರಲಿಲ್ಲ. ಅಲ್ಲಿನ ವ್ಯಾಯಾಮದ ಗುರಿ ಬಲಿಷ್ಠ ಯೋಧರನ್ನು ಹೆರುವ ಮೈಗಳು. ಆ ಭೂಮಿಯನ್ನು ಉಳುತ್ತಿದ್ದವರು ಹೆಲಟರೆಂಬ ಜೀತದಾಳುಗಳು. ಆದರೂ ಒಂದೇ ಭಾಷೆಯನ್ನಾಡುವ, ಒಂದೇ ದೇವತೆಗಳನ್ನು ಪೂಜಿಸುವ ನೆರೆನಾಡಿನಲ್ಲಿ ಹೆಣ್ಣು ಆಸ್ತಿಯ ಒಡತಿಯಾಗಿದ್ದಳೆಂಬುದು ಅಥೆನ್ಸಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅರಿಸ್ಟಾಟಲ್ ಅದನ್ನು ಸ್ಪಾರ್ಟದ ಅವನತಿಯ ಕಾರಣಗಳಲ್ಲೊಂದಾಗಿ ಎಣಿಸಿದ.

ಅಥೆನ್ಸಿನೊಳಗೂ ಭಿನ್ನಸ್ವರವಿತ್ತು. ಕ್ರಿ.ಪೂ. 431ರ ವಸಂತದಲ್ಲಿ ಯೂರಿಪಿಡೀಸನ ಮೀಡಿಯ ರಂಗವೇರಿತು. ಹಣ ಕೊಟ್ಟು ಗಂಡನೆಂಬ ಒಡೆಯನನ್ನು ಕೊಳ್ಳಬೇಕಾದ, ಅವನು ಒಳ್ಳೆಯವನೋ ಕೆಟ್ಟವನೋ ಎಂದು ತಿಳಿಯುವ ಮೊದಲೇ ಅವನ ವಶವಾಗಬೇಕಾದ ಹೆಣ್ಣಿನ ಪಾಡನ್ನು ಅವಳು ಬಿಡಿಸಿಡುತ್ತಾಳೆ. ಒಂದು ಹೆರಿಗೆಗಿಂತ ಮೂರು ಬಾರಿ ರಣರಂಗದಲ್ಲಿ ನಿಲ್ಲುವುದೇ ಮೇಲೆನ್ನುತ್ತಾಳೆ. ಗಾನದೇವತೆಯು ಹೆಂಗಸರಿಗೂ ಹಾಡನ್ನು ಕೊಟ್ಟಿದ್ದರೆ ಗಂಡಸರ ಕುಲಕ್ಕೆ ತಾವು ತಕ್ಕ ಮರುಹಾಡು ಹಾಡುತ್ತಿದ್ದೆವೆಂದು ಮೇಳದ ಸ್ತ್ರೀಯರು ನುಡಿಯುತ್ತಾರೆ. ಆ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ಸಿಕ್ಕಿದ್ದು ಕೊನೆಯ ಸ್ಥಾನ. ವಿಧವೆಯರಿಗೆ ಪೆರಿಕ್ಲೀಸನ ಉಪದೇಶ ಬಂದದ್ದು ಇದಾದ ಮುಂದಿನ ಚಳಿಗಾಲದಲ್ಲಿ. ಊರು ಒಂದೇ, ವರ್ಷವೂ ಹೆಚ್ಚುಕಡಿಮೆ ಒಂದೇ. ಇವೆರಡರಲ್ಲಿ ಯಾವುದನ್ನು ಕಾಲಧರ್ಮವೆನ್ನಬೇಕು? ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೀಲಸ್ ದ್ವೀಪವನ್ನು ಗೆದ್ದು ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಮರುವರ್ಷ ಅದೇ ಪ್ರೇಕ್ಷಕರ ಮುಂದೆ ಇದೇ ಕವಿ ಸೆರೆಸಿಕ್ಕ ಟ್ರಾಯ್ ನಗರದ ಸ್ತ್ರೀಯರ ಗೋಳನ್ನು ನಾಟಕವಾಗಿಸಿದ.

ಪ್ಲೇಟೊನ ಮಾತು ಇನ್ನೂ ನೇರ. ಆದರ್ಶರಾಜ್ಯವನ್ನು ಚಿತ್ರಿಸುವ ಗ್ರಂಥದ ಐದನೆಯ ಭಾಗದಲ್ಲಿ, ಒಬ್ಬರು ಹೆರುತ್ತಾರೆ ಒಬ್ಬರು ಹುಟ್ಟಿಸುತ್ತಾರೆ ಎಂಬ ಭೇದ ರಾಜ್ಯಪಾಲನೆಯ ಯೋಗ್ಯತೆಗೆ ಸಂಬಂಧಿಸಿದ್ದಲ್ಲವೆಂದು ಸಾಕ್ರಟೀಸನಿಂದ ಅವನು ವಾದಿಸುತ್ತಾನೆ. ಬೋಳುತಲೆಯವರು ಚಪ್ಪಲಿ ಹೊಲಿಯುತ್ತಾರೆಂದು ಕೂದಲಿರುವವರು ಆ ಕಸುಬು ಮಾಡಬಾರದೆನ್ನಲು ಸಾಧ್ಯವೇ ಎಂಬುದು ಅವನು ಕೊಡುವ ದೃಷ್ಟಾಂತ. ಪ್ಲೇಟೊ ಕೂಡ ಪೂರ್ಣ ಮುಕ್ತನಲ್ಲ. ಸ್ತ್ರೀ ಎಲ್ಲದರಲ್ಲಿಯೂ ಪುರುಷನಿಗಿಂತ ದುರ್ಬಲಳೆಂದು ಅಲ್ಲಿಯೇ ಸೇರಿಸುತ್ತಾನೆ, ಹೇಡಿಗಳಾಗಿ ಬದುಕಿದ ಗಂಡಸರು ಮರುಜನ್ಮದಲ್ಲಿ ಹೆಂಗಸರಾಗುತ್ತಾರೆಂದು ಇನ್ನೊಂದೆಡೆ ಬರೆಯುತ್ತಾನೆ. ಆದರೂ ವಾದ ಹುಟ್ಟಿತ್ತು, ಬರಹಕ್ಕೆ ಇಳಿದಿತ್ತು. ಆ ಪ್ಲೇಟೊನ ವಿದ್ಯಾಪೀಠದಲ್ಲಿಯೇ ಅರಿಸ್ಟಾಟಲ್ 20 ವರ್ಷ ಕಳೆದ. ಗುರುವಿನ ವಾದವನ್ನು ಬಲ್ಲವನು ಅದಕ್ಕೆ ವಿರುದ್ಧವಾದುದನ್ನು ಸ್ಥಾಪಿಸಿದನೆಂದರೆ ಅದು ಆಯ್ಕೆ. ಆಯ್ಕೆಗೆ ಹೊಣೆಯಿದೆ, ಕಾಲದ ಮೇಲೆ ಅದನ್ನು ಹೊರಿಸಲಾಗದು.

ನಾಯಿಕೆಯರ ವಾದಕ್ಕೂ ಇಲ್ಲಿಯೇ ಉತ್ತರ ಹೇಳಬಹುದು. ಆಂಟಿಗೊನೆ ರಾಜಾಜ್ಞೆಯನ್ನು ಮೀರಿ ಅಣ್ಣನ ಶವಕ್ಕೆ ಮಣ್ಣು ಹಾಕಿದವಳು. ಹೆಣ್ಣಿನ ಮಾತಿಗೆ ಸೋಲಲಾರೆನೆಂಬ ಕ್ರಿಯೋನನ ಹಟ ಅವನ ಕುಲವನ್ನೇ ನುಂಗಿತು. ಕವಿಯ ಸಹಾನುಭೂತಿ ದೊಡ್ಡದು, ಸಂಶಯವಿಲ್ಲ. ಆದರೆ ಆ ಪಾತ್ರವನ್ನು ಬರೆದವನು ಗಂಡಸು, ಮುಖವಾಡ ಧರಿಸಿ ಆಡಿದವನು ಗಂಡಸು, ಬಹುಮಾನ ತೀರ್ಮಾನಿಸಿದವರು ಗಂಡಸರು. ನಾಟಕ ಮುಗಿದು ಮನೆಗೆ ಮರಳಿದ ಯಾವ ಪ್ರೇಕ್ಷಕನ ಮಗಳಿಗೂ ಮರುದಿನ ಆಸ್ತಿಯಲ್ಲಿ ಪಾಲು ಬರಲಿಲ್ಲ. ಧರ್ಮಾಚರಣೆಯೊಂದರಲ್ಲಿ ಮಾತ್ರ ಅಥೆನ್ಸಿನ ಸ್ತ್ರೀಗೆ ನಿಜವಾದ ಸಾರ್ವಜನಿಕ ಸ್ಥಾನವಿತ್ತು. ಅಥೀನ ದೇವಿಯ ಪ್ರಧಾನ ಅರ್ಚಕಿ ಸ್ತ್ರೀಯೇ. ಲಿಸಿಮಾಕೆ ಎಂಬವಳು 64 ವರ್ಷ ಆ ಪದವಿಯಲ್ಲಿದ್ದಳು. ಇದನ್ನು ಮರೆಮಾಚಬಾರದು. ಆದರೆ ಈ ಸಂಗತಿ ಸ್ತುತಿಕಾರರ ಪರವಾಗಿ ನಿಲ್ಲುವುದಿಲ್ಲ. ನಗರದ ಅತ್ಯಂತ ಪವಿತ್ರ ಕಾರ್ಯವನ್ನು 64 ವರ್ಷ ನಿರ್ವಹಿಸಬಲ್ಲವಳಿಗೆ ಒಂದು ಚೀಲ ಧಾನ್ಯಕ್ಕಿಂತ ಹೆಚ್ಚಿನ ವ್ಯವಹಾರ ಮಾಡಲು ಬುದ್ಧಿ ಸಾಲದೆಂಬ ಕಾನೂನಿನ ಅಸಂಗತತೆಯನ್ನೇ ಅದು ಬಯಲು ಮಾಡುತ್ತದೆ.

ಹೆಣ್ಣಿನ ಸ್ವಂತ ದನಿ ಎಷ್ಟು ಉಳಿದಿದೆಯೆಂಬುದಕ್ಕೆ ಲೆಸ್ಬಾಸ್ ದ್ವೀಪದ ಸ್ಯಾಫೊ ಉದಾಹರಣೆ. ಕ್ರಿ.ಪೂ. 600ರ ಸುಮಾರಿನ ಈ ಕವಯಿತ್ರಿಯ ರಚನೆಗಳನ್ನು ಅಲೆಕ್ಸಾಂಡ್ರಿಯದ ವಿದ್ವಾಂಸರು ಒಂಬತ್ತು ಸಂಪುಟಗಳಾಗಿ ಜೋಡಿಸಿದ್ದರು. ಇಂದು ಇಡಿಯಾಗಿ ಸಿಗುವುದು ಒಂದೇ ಕವಿತೆ, ಉಳಿದುದೆಲ್ಲ ಚೂರುಗಳು. ಅರಿಸ್ಟಾಟಲನ ಗ್ರಂಥಗಳೊಡನೆ ಈ ನಷ್ಟವನ್ನು ತೂಗಿ ನೋಡಿದರೆ ಗ್ರೀಕ್ ಸ್ತ್ರೀಯ ಬಗೆಗೆ ಲೋಕಕ್ಕೆ ತಿಳಿದಿರುವುದು ಯಾರ ಬಾಯಿಂದ ಎಂಬುದು ಸ್ಪಷ್ಟವಾಗುತ್ತದೆ.

ಈ ಚರ್ಚೆಗೆ ಕನ್ನಡದೊಡನೆಯೂ ಒಂದು ನಂಟಿದೆ. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಕ್ರಿ.ಶ. ಎರಡನೆಯ ಶತಮಾನದ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಕನ್ನಡವಿರಬೇಕೆಂದು ಹುಲ್ಟ್ಶ್ ಸೂಚಿಸಿದ ಮೇಲೆ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಆ ಪದಗಳನ್ನು ಬಿಡಿಸಲು ಶ್ರಮಿಸಿದರು. ವಿವಾದ ಇನ್ನೂ ಮುಗಿದಿಲ್ಲ. ಆದರೆ ಆ ಪ್ರಹಸನದ ಕೇಂದ್ರದಲ್ಲಿರುವುದು ಖರಿಟಿಯನ್ ಎಂಬ ಗ್ರೀಕ್ ಹೆಣ್ಣು. ಭಾರತದ ಕರಾವಳಿಯಲ್ಲಿ ಸೆರೆಯಾಗಿ ದೇವಿಯ ಗುಡಿಯಲ್ಲಿರುವ ಅವಳನ್ನು ಬಿಡಿಸಲು ಅಣ್ಣ ಬರುತ್ತಾನೆ. ಓಡಿಹೋಗುವ ಮೊದಲು ದೇವಿಯ ಕಾಣಿಕೆಗಳನ್ನು ಕದಿಯೋಣವೆಂದು ವಿದೂಷಕ ಸೂಚಿಸಿದಾಗ, ದೇವರಲ್ಲಿ ರಕ್ಷಣೆ ಬೇಡುವವರು ದೇವರ ಸೊತ್ತಿಗೆ ಕೈಹಾಕಬಾರದೆಂದು ತಡೆಯುವವಳು ಅವಳೇ. ನೂರು ವರ್ಷಗಳಿಂದ ಆ ಹಾಳೆಯ ಒಂದೊಂದು ಅಕ್ಷರವನ್ನೂ ಕನ್ನಡಾಭಿಮಾನದಿಂದ ತಿರುವಿ ನೋಡಲಾಗಿದೆ. ಅದರಲ್ಲಿ ವಿವೇಕದ ಮಾತಾಡುವ ಹೆಣ್ಣಿನ ಕಡೆ ಕಣ್ಣು ಹಾಯಿಸಿದವರು ವಿರಳ. ಅದೇ ಆಕ್ಸಿರಿಂಕಸಿನ ಇನ್ನೊಂದು ಹಾಳೆ, ಕ್ರಿ.ಪೂ. 1ರಲ್ಲಿ ಅಲೆಕ್ಸಾಂಡ್ರಿಯದಿಂದ ಹಿಲರಿಯನ್ ಎಂಬ ಕೂಲಿಗಾರ ಬಸುರಿ ಅಲಿಸಳಿಗೆ ಬರೆದ ಪತ್ರ. ನಿನ್ನನ್ನು ಮರೆಯುವುದುಂಟೇ ಎಂಬ ಅಕ್ಕರೆಯ ಮಾತಿನ ಜೊತೆಗೆ, ಹುಟ್ಟುವುದು ಗಂಡಾದರೆ ಇಟ್ಟುಕೋ, ಹೆಣ್ಣಾದರೆ ಎಸೆದುಬಿಡು ಎಂಬ ಸೂಚನೆಯೂ ಅದರಲ್ಲಿದೆ. ಅವನು ಕ್ರೂರಿಯಲ್ಲ, ಸಾಮಾನ್ಯ ಮನುಷ್ಯ. ಪಂಡೋರಳ ಕಥೆ ಕೇಳಿ ಬೆಳೆದ ಸಮಾಜದಲ್ಲಿ ಸಾಮಾನ್ಯ ಮನುಷ್ಯನ ಅಕ್ಕರೆ ನಿಲ್ಲುತ್ತಿದ್ದುದು ಅಲ್ಲಿಗೆ.

ಇಷ್ಟನ್ನು ಓದಿ, ಗ್ರೀಕರು ಹೀಗಿದ್ದರು, ಭಾರತದಲ್ಲಿ ಮಾತ್ರ ನಾರಿಯನ್ನು ಪೂಜಿಸಲಾಗುತ್ತಿತ್ತು ಎಂದು ಬೆನ್ನು ತಟ್ಟಿಕೊಳ್ಳುವವರಿಗೂ ಒಂದು ಮಾತು ಸಲ್ಲಬೇಕು. ತಂದೆ, ಗಂಡ, ಮಗ ಎಂಬ ಮೂವರು ಕಾವಲುಗಾರರ ಪಟ್ಟಿ ಅಥೆನ್ಸಿನ ಕಾನೂನಿನಲ್ಲಿದ್ದಂತೆ ಮನುಸ್ಮೃತಿಯಲ್ಲಿಯೂ ಇದೆ. ದೇವಿಯ ಗುಡಿಯನ್ನು ತೋರಿಸಿ ಮನೆಯ ಹೆಣ್ಣಿನ ಪಾಡನ್ನು ಮರೆಸುವ ಜಾಣ್ಮೆ ಯಾವ ಒಂದು ನಾಡಿನ ಸೊತ್ತೂ ಅಲ್ಲ. ಕಾಲಧರ್ಮವೆಂಬ ನೆಪವನ್ನು ಗ್ರೀಕರಿಗೆ ನಿರಾಕರಿಸಿದವರು ಸ್ವಂತ ಪೂರ್ವಿಕರಿಗೂ ನಿರಾಕರಿಸಬೇಕಾಗುತ್ತದೆ.

ಗ್ರೀಕ್ ಸಾಹಿತ್ಯವನ್ನು ಓದದಿರುವುದು ಇದಕ್ಕೆ ಪರಿಹಾರವಲ್ಲ. ಹೆಸಿಯಡ್, ಸೆಮೊನಿಡೀಸರನ್ನು ಬಲ್ಲವರಿಗೇ ಮೀಡಿಯಳ ಮಾತಿನ ತೂಕ ತಿಳಿಯುವುದು. ಅರಿಸ್ಟಾಟಲನನ್ನು ಓದಿದವರಿಗೇ ತೆಕ್ಮೆಸ್ಸಳಿಗಾದ ಅನ್ಯಾಯ ಕಾಣುವುದು. ಆದರೆ ಪ್ರಜಾಪ್ರಭುತ್ವದ ತೊಟ್ಟಿಲೆಂದು ಬರೆಯುವ ಪಠ್ಯಪುಸ್ತಕ, ಆ ಪ್ರಜೆಗಳ ಎಣಿಕೆಯಲ್ಲಿ ಸ್ತ್ರೀಯರೂ ಗುಲಾಮರೂ ಸೇರಿರಲಿಲ್ಲವೆಂಬುದನ್ನು ಅಡಿಟಿಪ್ಪಣಿಗೆ ತಳ್ಳದೆ ಅದೇ ವಾಕ್ಯದಲ್ಲಿ ಬರೆಯಬೇಕು. ಪೆರಿಕ್ಲೀಸನ ಭಾಷಣವನ್ನು ಪಾಠ ಹೇಳುವವರು ಅದರ ಕೊನೆಯಲ್ಲಿ ವಿಧವೆಯರಿಗೆ ಬಂದ ಮಾತನ್ನೂ ಹೇಳಬೇಕು. ಇಸ್ಕೊಮಾಕಸನ ಹೆಂಡತಿಯ ಹೆಸರು ಇನ್ನೆಂದೂ ಸಿಗದು. ಅದು ಏಕೆ ಸಿಗದೆಂಬುದನ್ನಾದರೂ ಮಕ್ಕಳಿಗೆ ತಿಳಿಸಬಹುದು.